ವಿಭೂತಿ ಒರೆಸಿದ ಕೈ

ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪಾಠ, ಮುಂದಿನ ಸೆಮಿಸ್ಟರ್ ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸ. ಕೊನೆಗೆ ಅಂಕ ಹಾಕುವವರು ಕೆಲಸ ಕೊಟ್ಟ ಮಾಲೀಕರೇ; ಅವರು ಫೇಲ್ ಎಂದರೆ ಒಂದು ವರ್ಷವೇ ಹೋಯಿತು. ನನ್ನ ವರ್ಷವನ್ನು ಯಳಂದೂರು ಕಡೆಯ ಒಬ್ಬ ರೈಸ್ ಮಿಲ್ ಸಾಹುಕಾರರ ಕೈಗೆ ಕೊಟ್ಟರು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ.

ನಮ್ಮೂರು ಬಂಡಳ್ಳಿಯಿಂದ ಕೊಳ್ಳೇಗಾಲಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು. ಹೋಗಿ ನಿಂತರೆ ಮಿಲ್ಲಿನ ಮೇಸ್ತ್ರಿಯದು ದಿನಾ ಒಂದೇ ರಾಗ: "ಏನ್ ಇಂಜಿನಿಯರಮ್ಮ, ಕೈ ಇಂಗ್ ಕರಿ ಮಾಡ್ಕಂಡ್ರೆ ಯಾವ್ ಗಂಡು ಒಪ್ಕತಾನು?" ಅವನ ಬಾಯಿಗಿಷ್ಟು ಮಣ್ಣು ಹಾಕ! ಹೊಸದಾಗಿ ತಂದು ಮೂಲೆಯಲ್ಲಿ ಧೂಳು ಹಿಡಿಸಿದ್ದ ಚೀಲ ತುಂಬುವ ಯಂತ್ರವನ್ನು ಜೋಡಿಸಿ ನಡೆಸಿದವಳು ನಾನು. ಅದರ ಎರಡು ಬದಿಯಲ್ಲೂ ಕಡಲೆಕಾಳಿನಷ್ಟು ಗಾಜಿನ ಕಣ್ಣು. ಒಂದರಿಂದ ಇನ್ನೊಂದಕ್ಕೆ ಬೆಳಕು ಹಾಯುತ್ತಿರುತ್ತದೆ. ಚೀಲ ಬಂದು ಬೆಳಕಿಗೆ ಅಡ್ಡವಾದರೆ ಅಕ್ಕಿ ಸುರಿಯುತ್ತದೆ, ತೂಕ ತುಂಬಿದರೆ ನಿಲ್ಲುತ್ತದೆ. ಅಷ್ಟೇ ವಿದ್ಯೆ.

ಆಯುಧಪೂಜೆ ಬಂತು. ನಮ್ಮ ಕಡೆ ಅಂದು ಯಂತ್ರಕ್ಕೂ ಹಣೆ ಹುಡುಕುತ್ತಾರೆ. ಸಾಹುಕಾರರ ಬೀಗರು, ನೆಂಟರು ಎಲ್ಲ ಸೇರಿದ್ದರು. "ಎಣ್ಮಕ್ಳು ಆಚ್ಗಿರಿ, ಪುರಿ ಅಂಚಿ" ಎಂದು ನನ್ನನ್ನು ಬಾಗಿಲಾಚೆ ನಿಲ್ಲಿಸಿದರು. ನಾನು ಕಟ್ಟಿದ ಯಂತ್ರದ ಪೂಜೆಯನ್ನು ಕಡಲೆಪುರಿಯ ಚೀಲ ಹಿಡಿದುಕೊಂಡು ದೂರದಿಂದ ನೋಡಿದೆ. ಸಾಹುಕಾರರು ಕಲಸಿದ ವಿಭೂತಿಗೆ ಮೂರು ಬೆರಳು ಅದ್ದಿ, ನೇರವಾಗಿ ಆ ಗಾಜಿನ ಕಣ್ಣಿನ ಮೇಲೇ ದಪ್ಪಗೆ ಎಳೆದರು. "ಸಾರ್, ಅಲ್ಲಲ್ಲ!" ಎಂದು ಕೂಗಿದೆ. ಮಂಗಳಾರತಿಯ ಗಂಟೆಯಲ್ಲಿ ಯಾರಿಗೆ ಕೇಳುತ್ತದೆ?

ಸ್ವಿಚ್ ಹಾಕಿದರು. ಬೆಳಕಿಗೆ ವಿಭೂತಿ ಅಡ್ಡ. ಚೀಲವೇ ಬಂದಿದೆ ಎಂದುಕೊಂಡು ಯಂತ್ರ ಬರಿ ನೆಲಕ್ಕೆ ಅಕ್ಕಿ ಸುರಿಯತೊಡಗಿತು. "ಅಯ್ಯೋ ಶಿವನೇ, ಪೂಜೆ ದಿನ ಅನ್ನ ಮಣ್ಪಾಲಾಯ್ತಲ್ಲಾ!" ಎಂದು ನನ್ನ ಪಕ್ಕ ನಿಂತಿದ್ದ ಮುದುಕಿಯೊಬ್ಬಳು ಬಾಯಿ ಬಡಿದುಕೊಂಡಳು. ಯಾರೋ ಸ್ವಿಚ್ ಆರಿಸಿದರು.

"ನಾ ಬಡ್ಕಂಡೆ ಸಾ, ಎಣ್ಣೆಂಗ್ಸ್ ಕೈಲಿ ಮಿಸಿನ್ ಮುಟ್ಟಿಸ್ಬ್ಯಾಡಿ ಅಂತ" ಎಂದ ಮೇಸ್ತ್ರಿ.

ನಾನು ಒಳಗೆ ನುಗ್ಗಿ, ವಿಭೂತಿ ಕಣ್ಣಿಗೆ ಮೆತ್ತಿಕೊಂಡಿದೆ, ತಪ್ಪು ಯಂತ್ರದ್ದಲ್ಲ ಎಂದೆ. "ಕುಣೀನಾರ್ದವ್ಳು ನೆಲ ಡೊಂಕು ಅಂದ್ಳಂತೆ" ಎಂದು ಅವನು ನಗಿಸಿದ. ನೆಂಟರೆಲ್ಲ ನಕ್ಕರು. ಸಾಹುಕಾರರು ನಗಲಿಲ್ಲ. "ಪೂಜೆ ಈಬೂತಿ ಮುಟ್ಟುದ್ರೆ ನೋಡು!" ಎಂದು ಗದರಿದರು.

ನನಗೆ ಮೈಯೆಲ್ಲ ಉರಿಯಿತು. ದುಪಟ್ಟಾದ ತುದಿಯಿಂದ ಆ ಗಾಜನ್ನು ಒರೆಸಿ, ನಾನೇ ಸ್ವಿಚ್ ಹಾಕಿದೆ. ಚೀಲ ಬಂತು, ತುಂಬಿತು, ನಿಂತಿತು, ಮುಂದಕ್ಕೆ ಹೋಯಿತು. ಸುಳ್ಳೇಕೆ, ಆ ಗಳಿಗೆ ನನಗೆ ಹಬ್ಬವೇ ಆಗಿತ್ತು. ಸಾಹುಕಾರರು ಮಾತ್ರ ಯಂತ್ರದ ಕಡೆ ನೋಡಲೇ ಇಲ್ಲ, ವಿಭೂತಿ ಮೆತ್ತಿದ ನನ್ನ ದುಪಟ್ಟಾ ನೋಡುತ್ತಿದ್ದರು.

"ನಾಳಿಂದ ಬರ್ಬ್ಯಾಡ ಕಣಮ್ಮ" ಎಂದರು.

ವಿಷಯ ಕೇಳಿದ ಅಪ್ಪ ಮೂರು ದಿನದ ಮೇಲೆ ಹೊಲದ ಕೆಲಸ ಬಿಟ್ಟು ನನ್ನ ಜೊತೆ ಸಾಹುಕಾರರ ಮನೆಗೆ ಹೊರಟ. ದಾರಿಯಲ್ಲಿ ಒಂದೇ ಮಾತು: "ತಪ್ಪು ಯಾರ್ದಾರ ಆಗ್ಲಿ ಕಣವ್ವ, ವರ್ಸ ನಿಂದು. ಕಾಲ್ಗೆ ಬೀಳು." ಸಾಹುಕಾರರು ಊಟ ಮುಗಿಸಿ ಬರುವವರೆಗೆ ಅವರ ಜಗಲಿಯ ಕೆಳಗೆ ಬಿಸಿಲಲ್ಲಿ ನಿಂತೆವು. ಹಲ್ಲು ಕಡಿದುಕೊಂಡು ಕಾಲಿಗೆ ಬಿದ್ದೆ. ಅವರು ಮೇಸ್ತ್ರಿಯನ್ನು ಕೂಗಿ ಕರೆದರು. ಅವನು ಬಂದು ನಿಂತ ಮೇಲೆ, "ಇನ್ನೊಂದ್ಸಲ ಬಗ್ಗವ್ವ, ಸರ್ಯಾಗಿ" ಎಂದರು. ಬಗ್ಗಿದೆ. ಪಕ್ಕದಲ್ಲಿ ಅಪ್ಪನೂ ಹಣೆ ಜಗಲಿಗೆ ತಾಗುವಷ್ಟು ಬಗ್ಗಿದ.

"ಏಳಿ, ಏಳಿ" ಎಂದರು ಸಾಹುಕಾರರು, ಹಲ್ಲಿಗೆ ಕಡ್ಡಿ ಹಾಕುತ್ತ. "ಕಾಲೇಜ್ಗೆ ಮೊನ್ನೇನೇ ಕಳಿಸ್ಬುಟ್ಟಿವ್ನಿ, ಫೇಲು ಅಂತ. ಓಗಿ, ಬಸ್ಸ್ ತಪ್ಪೋದದು."

ಕೊಳ್ಳೇಗಾಲದವರೆಗೂ ಅಪ್ಪ ಕಿಟಕಿಯಾಚೆಗೇ ನೋಡುತ್ತ ಕೂತ. ಹಣೆಯ ಮೇಲಿದ್ದ ಆ ಜಗಲಿಯ ಮಣ್ಣನ್ನು ಒರೆಸಿಕೊಳ್ಳುವುದೂ ಅವನಿಗೆ ನೆನಪಾಗಲಿಲ್ಲ.

ಮಾರನೇ ವರ್ಷ ಬೇರೊಂದು ಕಡೆ ಮತ್ತೆ ಅದೇ ಕೆಲಸದ ಸೆಮಿಸ್ಟರ್ ಮುಗಿಸಿ, ನನಗಿಂತ ಚಿಕ್ಕವರ ಜೊತೆ ತರಗತಿಯಲ್ಲಿ ಕೂತೆ. ಪಕ್ಕದ ಬೆಂಚಿನ ಹುಡುಗನನ್ನು ಅದೇ ಮಿಲ್ಲಿಗೆ ಕಳಿಸಿದ್ದರಂತೆ. ಸಾಹುಕಾರರು ಅವನಿಗೆ ಪೂರ್ತಿ ಅಂಕ ಕೊಟ್ಟಿದ್ದರು.

"ಅಲ್ಲೊಂದ್ ಚೀಲ ತುಂಬೋ ಮಿಸಿನ್ ಅದೆ ಅಕ್ಕ" ಎಂದ. "ಆಯುಧಪೂಜೆಲಿ ಅದ್ರ ಗಾಜ್ಗೆ ಮೊದ್ಲು ಬಟ್ಟೆ ಕಟ್ಟಿ ಆಮೇಲೆ ಈಬೂತಿ ಅಚ್ತಾರೆ, ಸ್ವಿಚ್ ಆಕೋ ಮುಂಚೆ ಬಟ್ಟೆ ಬಿಚ್ತಾರೆ. ಇಲ್ದಿದ್ರೆ ಅಕ್ಕಿ ನೆಲಕ್ಕೋಯ್ತದಂತೆ. ಸಾವ್ಕಾರ್ರೇ ಕಂಡಿಡ್ದಿದ್ದಂತೆ ಕಣಕ್ಕ. ಓದಿಲ್ಲ ಬರ್ದಿಲ್ಲ, ಎಂತಾ ತಲೆ ನೋಡು!"

"ಹೂಂ ಕಣಪ್ಪ, ಎಂಥ ತಲೆ" ಎಂದೆ. ಆ ತಲೆ ಹೊತ್ತ ಕಾಲಿಗೆ ನಮ್ಮಪ್ಪ ಬಗ್ಗಿದ್ದನ್ನು ಅವನಿಗೆ ಹೇಳಲಿಲ್ಲ.