ಜೇನುಬಣ್ಣದ ಬೆಳಕು

ಬಸವಕಲ್ಯಾಣದ ಕೋಟೆಯಾಚೆ ಆಡು ಮೇಯಿಸುವ ಅಂಬಾದಾಸ ಅಂಗಡಿಗಳಿಗೆ ಬೋರ್ಡು, ಗೋಡೆಗಳಿಗೆ ಚಿತ್ರ ಬರೆಯುತ್ತಾನೆ. ಕುಂಚ ಹಿಡಿಯಲು ಅವನಿಗೆ ಯಾರೂ ಕಲಿಸಿದ್ದಲ್ಲ. ಆ ಕೆಲಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುವುದು ಆಡುಗಳಿಂದಲೇ.

ಈ ಬೇಸಿಗೆಯಲ್ಲಿ ಹುಮನಾಬಾದಿನ ಹೊಸ ಫಂಕ್ಷನ್ ಹಾಲಿನ ಮಾಲೀಕ, ಶ್ರೀಮಂತ ಎಂಬಾತ, ಅವನ ಫೋನಿಗೆ ಒಂದು ಚಿತ್ರ ಕಳಿಸಿದ. ನೂರಾರು ವರ್ಷಗಳ ಹಿಂದೆ ಇಟಲಿಗೆ ಹೋಗಿದ್ದ ಡಚ್ ಕಲಾವಿದನೊಬ್ಬ ಬರೆದದ್ದು. ಮುರಿದ ಕಮಾನು, ಮಲಗಿದ ಆಡುಗಳು, ಎಲ್ಲದರ ಮೇಲೂ ಜೇನು ಸುರಿದಂತೆ ಇಳಿಬಿಸಿಲು.

“ಇಂಥಾ ಬೆಳಕು ನಮ್ಮ ಗ್ವಾಡಿ ಮ್ಯಾಲ ಬರಬೇಕು ನೋಡು. ಊಟಕ್ಕ ಕುಂತವರು ಉಣ್ಣೂದ ಮರೀಬೇಕು.”

“ಹಂಗಾದ್ರ ಅಡಗಿ ಉಳೀತದ್ರಿ, ಸಾವಕಾರ್ರೇ.”

ಅಂಬಾದಾಸ ನಕ್ಕು ಕೆಲಸ ಒಪ್ಪಿಕೊಂಡ. ಆದರೆ ಆ ಬೆಳಕು ಗೋಡೆಗೆ ಇಳಿಯಲೊಲ್ಲದು. ಹಳದಿ ಹಾಕಿದರೆ ಅರಿಶಿನ ಬಳಿದಂತೆ, ಕೆಂಪು ಬೆರೆಸಿದರೆ ಇಟ್ಟಿಗೆಯಂತೆ. ಆಡಿನ ಹಿಂದೆ ಹೋಗುವಾಗಲೂ ಬಣ್ಣದ ಡಬ್ಬಿ ಜೊತೆಗೆ ಒಯ್ಯತೊಡಗಿದ.

ಒಂದು ಸಂಜೆ ಬಯಲಿನಲ್ಲಿ ಆ ಬೆಳಕು ತಾನಾಗಿ ಬಂತು. ಕರಿಮೋಡದಡಿಯಿಂದ ಬಿಸಿಲು ಓರೆಯಾಗಿ ಹರಿದು ಜಾಲಿ, ಬಂಡೆ, ಆಡುಗಳ ಬೆನ್ನು ಎಲ್ಲ ಹೊನ್ನಾದವು. ಅಂಬಾದಾಸ ರಟ್ಟಿನ ಮೇಲೆ ಬಣ್ಣ ಕಲಸಲು ಕುಳಿತ.

ಹೆಂಡತಿ ರುಕ್ಮಿಣಿಬಾಯಿ ಏದುಸಿರು ಬಿಡುತ್ತ ಬಂದಳು. “ಆಡು ದೊಡ್ಡಿಗಿ ಹೊಡೀರಿ. ಇದು ಆಣಿಕಲ್ಲಿನ ಬೆಳಕದ.”

ಅವನಿಗೂ ಗೊತ್ತಿತ್ತು. ಆಲಿಕಲ್ಲು ಮಳೆಗೆ ಮುಂಚೆ ಕವಿಯುವ ಆ ಹಳದಿಗೆ ಹುಟ್ಟಿದಾಗಿನಿಂದ ಹೆದರಿಯೇ ಬೆಳೆದವನು.

“ಚೂರು ತಡಿ. ಬಣ್ಣ ಸಿಗಾಕತ್ತದ.”

“ಬಣ್ಣ ಹಾಲು ಕೊಡ್ತದೇನ್ರಿ?”

ಗಾಳಿ ನಿಂತಿತ್ತು. ಹಕ್ಕಿಗಳ ದನಿ ಇರಲಿಲ್ಲ. ಆಡುಗಳು ಮೇವು ಬಿಟ್ಟು, ಒಂದಕ್ಕೊಂದು ಒತ್ತಿ ನಿಂತು, ಅವನ ಮುಖವನ್ನೇ ನೋಡುತ್ತಿದ್ದವು. ರುಕ್ಮಿಣಿಬಾಯಿ ಸೊಂಟದ ಕುಡಗೋಲು ತೆಗೆದು ಬಯಲಿಗೆ ಎಸೆದಳು. ಕಬ್ಬಿಣ ಬಿದ್ದ ಕಡೆ ಆಲಿಕಲ್ಲು ಬೀಳದು ಎಂದು ಅವರ ಹಿರಿಯರ ನಂಬಿಕೆ. ಅವನದೂ ಅದೇ ನಂಬಿಕೆ. ಕುಡಗೋಲು ಬಿದ್ದಿತಲ್ಲ ಎಂದು ಧೈರ್ಯ ತಂದುಕೊಂಡು ಮತ್ತಷ್ಟು ಹೊತ್ತು ಕುಂಚ ಆಡಿಸಿದ.

ಮೊದಲ ಕಲ್ಲು ರಟ್ಟಿನ ಮೇಲೆಯೇ ಬಿತ್ತು. ದೊಡ್ಡಿ ದೂರವಿತ್ತು. ಗಂಡಹೆಂಡತಿ ಜಾಲಿಯ ಬುಡದಲ್ಲಿ ಕಂಬಳಿ ಮುಚ್ಚಿಕೊಂಡು ಕೈಗೆ ಸಿಕ್ಕ ಮರಿಗಳನ್ನು ಮಡಿಲಿಗೆ ಎಳೆದುಕೊಂಡರು. ಹೊರಗಿದ್ದವು ಕೂಗಿದವು. ಆಮೇಲೆ ಕೂಗಲಿಲ್ಲ.

ಆಲಿಕಲ್ಲು ಬೀಳುವುದು ನಿಂತ ಮೇಲೆ ಮೋಡ ಸರಿದು ಅದೇ ಬೆಳಕು ಮತ್ತೆ ಹರಿಯಿತು. ಬೆಳ್ಳಗಾದ ನೆಲದ ಮೇಲೆ ಆಡುಗಳು ಕಾಲು ಚಾಚಿ ಬಿದ್ದಿದ್ದವು. ನೋಡಲು ಫೋನಿನ ಆ ಚಿತ್ರದಷ್ಟೇ ಚೆಂದವಿತ್ತು. ಅಂಬಾದಾಸ ಮುಖ ಹೊರಳಿಸಿದ.

“ಆ ಕಡಿ ಏನು ನೋಡಾಕತ್ತೀರಿ?” ರುಕ್ಮಿಣಿಬಾಯಿ ಅವನ ರಟ್ಟೆ ಹಿಡಿದು ಎಬ್ಬಿಸಿದಳು. “ಬರ್ರಿ. ಯಾವುದಕ್ಕರೆ ಉಸಿರದ ಏನು ನೋಡೂಣು.”

ಅವನು ಬಣ್ಣದ ಕೈಯನ್ನು ಒಂದೊಂದರ ಮೂಗಿನ ಬಳಿ ಹಿಡಿಯುತ್ತ ನಡೆದ.