ಎರಡು ಹಲ್ಲು ಕಡಿಮೆ

ಬೀದಿಯವರೆಲ್ಲ ಅವರನ್ನು ಪಾನಾ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಪಾಠ ಮಾಡಿದವರಲ್ಲ, ಮೋಟಾರ್ ಸೈಕಲ್ ಮೆಕ್ಯಾನಿಕ್. ಆದರೆ ಕೈಗೆ ನಟ್ಟು ಬಿಚ್ಚುವ ಪಾನಾ ಬಂತೆಂದರೆ ಬಾಯಿಗೆ ಪಾಠವೂ ಬರುತ್ತಿತ್ತು. ಚೈನು ಬಿಗಿ ಮಾಡಿಸಲು ಬಂದವನು ಗಾಡಿಯ ಜಾತಕವನ್ನೇ ಕೇಳಿಸಿಕೊಂಡು ಹೋಗಬೇಕು. "ಚೈನು ತಿರುಗಿಸೋ ಮುಂದಿನ ಸ್ಪ್ರಾಕೆಟ್ ಚಕ್ರಕ್ಕೆ ಹಲ್ಲು ಕಡಿಮೆಯಾದ್ರೆ ಎಳೆತ ಜಾಸ್ತಿ, ಓಟ ಕಡಿಮೆ. ಹಲ್ಲು ಜಾಸ್ತಿಯಾದ್ರೆ ಓಟ ಜಾಸ್ತಿ, ಎಳೆತ ಕಡಿಮೆ. ಎರಡೂ ಬೇಕು ಅಂದ್ರೆ ಎರಡು ಗಾಡಿ ಇಟ್ಕೊಳ್ಳಿ" ಎನ್ನುತ್ತಿದ್ದರು.

ಇಷ್ಟೆಲ್ಲ ಬಲ್ಲವರ ಸ್ವಂತ ಗಾಡಿ ಹೇಗಿತ್ತು ಅಂತ ಮಾತ್ರ ಕೇಳಬೇಡಿ. ಊರಿನ ಗಾಡಿಗಳೆಲ್ಲ ರಿಪೇರಿಯಾಗಿ ಹೋದರೂ ಅದರ ಸರದಿ ಬರುತ್ತಿರಲಿಲ್ಲ.

ಅಂಗಡಿ ಏರುರಸ್ತೆಯ ಬುಡದಲ್ಲಿ, ಮನೆ ನೆತ್ತಿಯಲ್ಲಿ. ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಇಳಿದು ಬರುತ್ತಿದ್ದಳು. ಸಂಜೆಯವರೆಗೆ ಅಲ್ಲೇ ಕೂತು ನಟ್ಟು ಬೋಲ್ಟು ತೊಳೆದುಕೊಟ್ಟು, ಗಂಡನ ಹಿಂದೆ ಗಾಡಿ ಹತ್ತಿ ಮನೆಗೆ ಹೊರಡುತ್ತಿದ್ದಳು. ಅರ್ಧ ಏರಿನಲ್ಲಿ, ದೀಪದ ಕಂಬದ ಹತ್ತಿರ, ಗಾಡಿ ಗೊರಗೊರ ಎನ್ನುತ್ತಿತ್ತು. "ನಿಲ್ಲಿಸ್ರೀ, ಪಾಪ, ಅದಕ್ಕೆ ಉಸಿರು ಕಟ್ತಿದೆ" ಎಂದು ಅವಳು ಇಳಿದು ನಡೆಯುತ್ತಿದ್ದಳು. ಮೇಲೆ ಕಾಯುತ್ತಿದ್ದ ಮೇಷ್ಟ್ರು, "ಭಾರ ನಿಂದು, ದೂರು ಮಾತ್ರ ಗಾಡಿ ಮೇಲೆ" ಎಂದು ಕಾಲೆಳೆಯುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ಸಂಜೆ ಕಂಬದ ಹತ್ತಿರ ಅವಳು ಇಳಿಯಲಿಲ್ಲ. "ಇವತ್ತೊಂದಿನ ಹೇಗಾದ್ರೂ ಹತ್ತಿಸಿಬಿಡ್ರೀ" ಎಂದಳು. ಮರುದಿನವೂ ಅದೇ ಮಾತು. ಬೇರೆ ಗಂಡನಾಗಿದ್ದರೆ ತಿರುಗಿ ಅವಳ ಮುಖ ನೋಡುತ್ತಿದ್ದನೋ ಏನೋ. ಮೇಷ್ಟ್ರು ಗಾಡಿಯನ್ನು ನೋಡಿದರು.

ಆ ಭಾನುವಾರವೇ ಎರಡು ಹಲ್ಲು ಕಡಿಮೆ ಇರುವ ಸ್ಪ್ರಾಕೆಟ್ ತಂದರು. ಹಳೆಯದರ ಬೋಲ್ಟು ಬಿಚ್ಚುವಾಗ ಹಿಂದಿನ ಚಕ್ರ ತಿರುಗಬಾರದು. ಕೆಲವರು ಅದಕ್ಕೆ ಚಕ್ರದ ಕಡ್ಡಿಗಳ ನಡುವೆ ರಾಡು ತೂರಿಸುತ್ತಾರೆ. ಮೇಷ್ಟ್ರ ಪ್ರಕಾರ ಅದು ಕಟುಕರ ಕೆಲಸ. ಅವರ ಅಂಗಡಿಯಲ್ಲಿ ಹೆಂಡತಿ ಗಾಡಿ ಮೇಲೆ ಕೂತು ಬ್ರೇಕ್ ತುಳಿಯುತ್ತಿದ್ದಳು. ಅವತ್ತೂ ತುಳಿದಳು, ಆದರೆ ಚಕ್ರ ಜಾರಿತು.

"ಬಿಗಿಯಾಗಿ ತುಳಿಯೇ. ನಿದ್ದೆ ಮಾಡ್ತಿದ್ದೀಯಾ?"

"ತುಳೀತಾನೇ ಇದ್ದೀನಲ್ರೀ."

ಬ್ರೇಕ್ ಶೂ ಸವೆದಿರಬೇಕು ಎಂದು ಮೇಷ್ಟ್ರು ಚಕ್ರ ಬಿಚ್ಚಿದರು. ಶೂನಲ್ಲಿ ಇನ್ನೂ ಬೇಕಾದಷ್ಟು ಬಾಳಿಕೆ ಇತ್ತು. ಇರಲಿ ಎಂದು ಹೊಸದನ್ನೇ ಹಾಕಿದರು. ಈ ಸಲ ಅವಳು ಎದ್ದು ನಿಂತು, ಮೈಭಾರವನ್ನೆಲ್ಲ ಬಿಟ್ಟು ತುಳಿದಳು. ಬೋಲ್ಟು ಸಡಿಲವಾಯಿತು. "ನೋಡು, ಶೂ ಹೋಗಿತ್ತು" ಎಂದರು ಮೇಷ್ಟ್ರು. ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು.

ಸಂಜೆ ಗಾಡಿ ಕಂಬವನ್ನು ದಾಟಿ ಸಲೀಸಾಗಿ ಮೇಲೇರಿತು. ಮೇಷ್ಟ್ರ ಕಾಲು ನೆಲದ ಮೇಲಿರಲಿಲ್ಲ. "ನಮ್ಮನೆಯವಳಿಗೆ ಏರು ಹತ್ತೋ ಕಷ್ಟಾನೇ ತಪ್ಪಿಸಿಬಿಟ್ಟೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಹೌದು, ತಪ್ಪಿಸಿದರು. ಅವಳು ಏರು ನಡೆಯುವುದು ನಿಂತಿತು. ನಡೆಯಲಾರಳು ಎನ್ನುವುದೂ ಅಲ್ಲಿಗೆ ಮುಚ್ಚಿಹೋಯಿತು.

ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ಅವಳು ಅಡುಗೆಮನೆಯಲ್ಲಿ ಕುಸಿದಳು, ಮತ್ತೆ ಏಳಲಿಲ್ಲ. ಹೃದಯ ಬಹಳ ದಿನದಿಂದ ಸೋತಿತ್ತು ಎಂದರು ಡಾಕ್ಟರು. "ಮೆಟ್ಟಿಲು, ಏರು ಹತ್ತುವಾಗ ಏದುಸಿರು ಬರ್ತಿರಲಿಲ್ವಾ?"

"ಅವಳು ಏರು ಹತ್ತುತ್ತಲೇ ಇರಲಿಲ್ಲ ಡಾಕ್ಟ್ರೇ" ಎಂದ ಮೇಷ್ಟ್ರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಅವತ್ತಿನಿಂದ ಅಂಗಡಿಯಲ್ಲಿ ಪಾಠ ನಿಂತಿತು. ಚೈನು ಬಿಗಿ ಮಾಡಿಸಲು ಬಂದವನು ಚೈನು ಬಿಗಿ ಮಾಡಿಸಿಕೊಂಡು ಹೋದ, ಅಷ್ಟೆ.

ಮನೆಯಲ್ಲಿ ಉಳಿದವರು ಅಪ್ಪ, ಮಗಳು ಇಬ್ಬರೇ. ಮಗಳಿಗೆ ಹೆದ್ದಾರಿಯಾಚೆಯ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅವಳು ಆ ಗಾಡಿಯಲ್ಲೇ ಹೋಗಿಬರಬೇಕು. "ಅಪ್ಪಾ, ನೇರ ರಸ್ತೇಲಿ ಇದು ಬರೀ ಅರಚುತ್ತೆ, ಓಡೋದೇ ಇಲ್ಲ. ಲಾರಿಯವರು ಮೈಮೇಲೆ ಬರ್ತಾರೆ. ಹಳೇ ಸ್ಪ್ರಾಕೆಟ್ ಹಾಕ್ಕೊಡು" ಎಂದು ದಿನಾ ಕೇಳಿದಳು. ಹಳೆಯದು ಅಂಗಡಿಯ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಮೇಷ್ಟ್ರು ಒಂದು ದಿನ ಬೋಲ್ಟು ಸಿಗಲಿಲ್ಲ ಎಂದರು, ಇನ್ನೊಂದು ದಿನ ಚೈನು ಹೊಂದುವುದಿಲ್ಲ ಎಂದರು. ಹೆಂಡತಿ ಸಾಯುವ ಮುಂಚೆ ಅವಳಿಗೆಂದು ಅವರು ಮಾಡಿದ ಕೆಲಸ ಆ ಚಿಕ್ಕ ಸ್ಪ್ರಾಕೆಟ್ ಹಾಕಿದ್ದೊಂದೇ. ಅವಳನ್ನು ಕೊಂದದ್ದೂ ಅದೇ ಎಂದು ಅವರ ಒಳಮನಸ್ಸು ನಂಬಿತ್ತು. ಅದನ್ನು ಹೇಗೆ ಬಿಚ್ಚುವುದು?

ಒಂದು ಸಂಜೆ ಮಗಳು ಮೊಣಕೈ ತರಚಿಕೊಂಡು ಅಂಗಡಿಗೆ ಬಂದಳು. ಲಾರಿಯೊಂದು ಒತ್ತರಿಸಿ ರಸ್ತೆಯ ಪಕ್ಕಕ್ಕೆ ಬೀಳಿಸಿತ್ತು. ಮೇಷ್ಟ್ರು ಗಾಯ ತೊಳೆದು, ಮೊಳೆಯಿಂದ ಹಳೇ ಸ್ಪ್ರಾಕೆಟ್ ಇಳಿಸಿದರು.

"ಹತ್ತು ಪುಟ್ಟಿ. ಬ್ರೇಕ್ ತುಳಿ."

ಮಗಳು ಕೂತಲ್ಲೇ ತುಳಿದಳು. ಚಕ್ರ ಕಲ್ಲಿನಂತೆ ನಿಂತಿತು. ಬೋಲ್ಟು ಮೊದಲ ಏಟಿಗೇ ಸಡಿಲವಾಯಿತು. ಮೇಷ್ಟ್ರ ಕೈಯಿಂದ ಪಾನಾ ಬಿತ್ತು.

"ಅವತ್ತು ಶೂ ಸವೆದಿರಲಿಲ್ಲ ಪುಟ್ಟಿ" ಎಂದರು, ನೆಲ ನೋಡುತ್ತಾ. "ನಿಮ್ಮಮ್ಮನ ಕಾಲಲ್ಲಿ ಕಸುವಿರಲಿಲ್ಲ. ಶೂ ನನ್ನ ಕೈಯಲ್ಲೇ ಇತ್ತು, ಚೆನ್ನಾಗೇ ಇತ್ತು. ಆದ್ರೂ ನನಗೆ ಹೊಳೀಲಿಲ್ಲ."

ಮಗಳು ಬ್ರೇಕ್ ಮೇಲಿನ ಕಾಲು ತೆಗೆಯಲಿಲ್ಲ. ಹಾಗೇ ಕೂತು ಅಂದಳು: "ಅಮ್ಮ ನನ್ ಹತ್ರ ಹೇಳಿದ್ಲಪ್ಪ. ಬಟ್ಟೆ ಒಗೆದ್ರೂ ಉಸಿರು ಸಾಲಲ್ಲ ಅಂತ. ಡಾಕ್ಟ್ರ ಹತ್ರ ಹೋಗೋಣ ಅಂದೆ. ಈಗ್ಲೇ ಬೇಡ, ನಿಮ್ಮಪ್ಪ ಕಷ್ಟ ತಪ್ಪಿಸ್ದೆ ಅಂತ ಊರೆಲ್ಲ ಹೇಳ್ಕೊಂಡು ಖುಷಿಯಾಗಿದ್ದಾರೆ, ಸ್ವಲ್ಪ ದಿನ ಇರಲಿ ಅಂದ್ಲು. ನಾನೂ ಸುಮ್ಮನಾದೆ."

ಮೇಷ್ಟ್ರು ಪಾನಾ ಎತ್ತಿಕೊಂಡು ಕೆಲಸ ಮುಗಿಸಿದರು. ದೊಡ್ಡ ಸ್ಪ್ರಾಕೆಟ್ ಕೂತಿತು, ಚೈನು ಹೊಂದಿತು. ಚಿಕ್ಕದನ್ನು ಒರೆಸಿ ಅದೇ ಮೊಳೆಗೆ ತೂಗುಹಾಕಿದರು.

ಇಬ್ಬರೂ ಮನೆಗೆ ಹೊರಟರು. ಕಂಬದ ಹತ್ತಿರ ಗಾಡಿ ಮೊದಲಿನಂತೆಯೇ ಗೊರಗುಟ್ಟಿತು. ಮಗಳು ಇಳಿದಳು. ಮೇಷ್ಟ್ರೂ ಇಳಿದು ಎಂಜಿನ್ ಆರಿಸಿದರು.

"ಯಾಕಪ್ಪಾ? ನೀನು ಹತ್ತಿಸ್ಕೊಂಡು ಹೋಗು, ನಾನು ನಡ್ಕೊಂಡು ಬರ್ತೀನಿ."

"ಗಾಡಿ ಸದ್ದು ಬೇಡ. ನೀನು ನಡಿ."

ಅವಳು ಮುಂದೆ ನಡೆದಳು. ಮೇಷ್ಟ್ರು ಗಾಡಿ ತಳ್ಳಿಕೊಂಡು ಅವಳ ಹಿಂದೆಯೇ ಹತ್ತಿದರು. ತಮ್ಮ ಏದುಸಿರು ಅಡ್ಡ ಬಂದಾಗಲೆಲ್ಲ ನಿಂತು, ಬಾಯಿ ಬಿಗಿಹಿಡಿದು, ಮಗಳ ಉಸಿರಿಗೆ ಕಿವಿಗೊಟ್ಟರು.