ಹತ್ತಿ ಉಳಿಸಿದ ಹಿಟ್ಟಿನ ಕೈ

"ನಿಂದರ್ರಿ ಅಕ್ಕಾರ! ಹೊಡೀಬ್ಯಾಡ್ರಿ!" ಕೂಗುತ್ತ ಓಡಿಬಂದ ಪಕ್ಕದ ಹೊಲದ ಹಸೀನಾ ನನ್ನ ಬೆನ್ನ ಮೇಲಿದ್ದ ಔಷಧ ಸಿಂಪಡಿಸುವ ಪಂಪಿನ ಪಟ್ಟಿ ಹಿಡಿದು ಜಗ್ಗಿದಳು. ಅವಳ ಕೈತುಂಬ ಜೋಳದ ಹಿಟ್ಟು.

ಕಟಕೋಳದ ಹತ್ತಿರದ ನಮ್ಮ ಹೊಲದಲ್ಲಿ ಹತ್ತಿಯ ಎಳೆ ಎಲೆಗಳು ಹಳದಿಯಾಗಿದ್ದವು. ಸತುವಿನ ಕೊರತೆ ಎಂದರು ಗೊಬ್ಬರದ ಅಂಗಡಿಯವರು. ಎಲೆಗೆ ಹೊಡೆಯುವ ಸತುವಿನ ದ್ರವಗೊಬ್ಬರ ನ್ಯಾನೊ ಝಿಂಕ್ ತಂದೆ. ಅಂಗೈಯಲ್ಲಿ ಹಿಡಿಯುವಷ್ಟು ಬಾಟಲಿ. ಕಣಗಳು ಎಷ್ಟು ಸಣ್ಣವೆಂದರೆ ಎಲೆಯೇ ಹೀರಿಕೊಳ್ಳುತ್ತದಂತೆ. ನಮ್ಮ ಪಂಪ್ ಕೆಟ್ಟಿತ್ತು. ಇಂಥದ್ದಕ್ಕೆಲ್ಲ ಕೇಳಿ ತರುವ ರೂಢಿ ನಮ್ಮಲ್ಲಿಲ್ಲ. ಹಸೀನಾಳ ಶೆಡ್ಡಿನಲ್ಲಿ ತೂಗುಹಾಕಿದ್ದ ಪಂಪನ್ನು ತಂದು, ಅದರಲ್ಲೇ ಝಿಂಕ್ ಕಲಸಿಕೊಂಡು ಆಗಷ್ಟೇ ಸಾಲಿಗೆ ಇಳಿದಿದ್ದೆ.

"ನಿನ್ನೆ ನಮ್ಮವ್ರು ಅದ್ರಾಗ ಕಬ್ಬಿಗೆ ಕಸದ ಎಣ್ಣಿ ಹೊಡದಾರ್ರಿ, ಇನ್ನೂ ತೊಳದಿಲ್ಲ. ನಿಮ್ಮ ಬೆನ್ನಮ್ಯಾಲ ಪಂಪ್ ಕಂಡು ನನ್ನ ಜೀವಾನ ಹೋತ್ರಿ!"

ತಟ್ಟನೆ ಪಂಪನ್ನು ಬೆನ್ನಿನಿಂದ ಇಳಿಸಿದೆ. ಕಬ್ಬನ್ನು ಬಿಟ್ಟು ಕಳೆಯನ್ನಷ್ಟೇ ಸುಡುವ ಆ ಔಷಧ ಸ್ವಲ್ಪ ತಾಗಿದರೂ ಸಾಕು, ಹತ್ತಿ ಮುರುಟಿಹೋಗುತ್ತದೆ. ಎಲೆಗೆ ಸತು ಕುಡಿಸಲು ಹೋದವಳು ವಿಷ ಕುಡಿಸಲಿದ್ದೆ! ಕೇಳದೆ ಯಾಕೆ ತಂದಿರಿ ಎಂದು ಹಸೀನಾ ಒಂದು ಮಾತೂ ಆಡಲಿಲ್ಲ. ಮೈದುನನ ಮನೆಯಿಂದ ಬೇರೆ ಪಂಪ್ ತಂದುಕೊಟ್ಟೇ ಒಲೆಯ ಕಡೆ ಹೋದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತಂತೆ.

ಈಗ ಹತ್ತಿ ಹಸಿರಾಗಿ ಹೂ ಬಿಟ್ಟಿದೆ. ದಾರಿಯಲ್ಲಿ ಹೋಗುವವರು ನಿಂತು, "ಏನ್ ಹೊಡದಿರಿ?" ಎಂದು ಕೇಳುತ್ತಾರೆ. ಬಾಟಲಿಯ ಹೆಸರು ಹೇಳುತ್ತೇನೆ, ಹಸೀನಾಳ ಹೆಸರು ಹೇಳಿದ ಮೇಲೆ.